ಉತ್ತರ ಕಲಿಸಿದವನು ನಾನೇ

ಕಂಬಳಿ ನೇಯುವ ಮೊದಲು ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತೇವೆ. ಗಂಜಿ ತೆಳುವಾದರೆ ಎಳೆ ಮಗ್ಗದ ಮೇಲೇ ಹರಿಯುತ್ತದೆ, ಮಂದವಾದರೆ ಕಂಬಳಿ ಹಲಗೆಯಂತೆ ನಿಲ್ಲುತ್ತದೆ. ಎಷ್ಟು ಹಚ್ಚಬೇಕೆಂದು ನನಗೆ ಯಾರೂ ಬಾಯಿಮಾತಿನಲ್ಲಿ ಹೇಳಿಕೊಡಲಿಲ್ಲ. ನಮ್ಮಪ್ಪ ಪಕ್ಕದಲ್ಲಿ ನಿಂತು, ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ಎಳೆಯ ಉದ್ದಕ್ಕೂ ನಡೆಸಿಕೊಂಡು ಹೋಗುತ್ತಿದ್ದ. ಯಾವಾಗ ಆ ಕೈ ತೆಗೆದನೋ ನನಗೆ ತಿಳಿಯಲೇ ಇಲ್ಲ. ನೇಯ್ದು ಮುಗಿದ ಕಂಬಳಿಯನ್ನು ಸಂತೆಯಲ್ಲಿ ಬಿಡಿಸಿ ನೋಡಿ "ಇದು ಸರಿಯಿಲ್ಲ" ಎನ್ನುವವರು ಸಾವಿರ ಜನ ಸಿಗುತ್ತಾರೆ ಸ್ವಾಮಿ. ಅವರಿಂದ ಯಾರೂ ನೇಯ್ಗೆ ಕಲಿತದ್ದನ್ನು ನಾನು ಕಂಡಿಲ್ಲ.

ನಾನು ಎರಡನೇ ಕ್ಲಾಸಿನವರೆಗೆ ಓದಿದವನು. ಬರೆಯುವುದಕ್ಕಿಂತ ಲಾಳಿ ಎಸೆಯುವುದು ನನಗೆ ಸಲೀಸು. ಆದರೂ ಇದನ್ನು ಬರೆಯಲೇಬೇಕೆನಿಸಿದೆ. ಒಬ್ಬರ ಉಪಕಾರ ನೆನೆಯಬೇಕು, ನನ್ನದೊಂದು ತಪ್ಪನ್ನೂ ಹೇಳಬೇಕು. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಸಿ ಹೇಳಲು ಬರುವುದಿಲ್ಲ.

ನನ್ನ ತಮ್ಮ ತಿಪ್ಪೇಸ್ವಾಮಿ ಮೊಳಕಾಲ್ಮುರಿನ ಶಾಲೆಯಲ್ಲಿ ಸಹಾಯಕ ಮೇಷ್ಟರಾಗಿದ್ದ. ಅವನ ಪಾಠವೆಂದರೆ ಮಕ್ಕಳು ಊಟದ ಹೊತ್ತನ್ನೂ ಮರೆಯುತ್ತಿದ್ದರು. ಅಷ್ಟು ಚೆನ್ನಾಗಿ ಪಾಠ ಹೇಳುತ್ತಾನೆಂಬ ಕಾರಣಕ್ಕೇ ಅವನನ್ನು ಚಳ್ಳಕೆರೆ ತಾಲ್ಲೂಕಿನಲ್ಲಿ, ಪರಶುರಾಂಪುರದ ಆಚೆಯ ಒಂದು ಊರಿಗೆ ಹೆಡ್ ಮೇಷ್ಟರನ್ನಾಗಿ ಕಳಿಸಿದರು. ಊರಿನ ಹೆಸರು ಬೇಡ. ಅವನಿಗೆ ಅಡಿಗೆಗೆ, ಮಾತಿಗೆ ಒಬ್ಬರು ಬೇಕೆಂದು ಮಗ್ಗ ಕಟ್ಟಿಕೊಂಡು ನಾನೂ ಹೋದೆ. ಅಪ್ಪ ತೀರಿಕೊಂಡ ಮೇಲೆ ಅವನು ನನ್ನನ್ನೇ ಅಪ್ಪನಂತೆ ನೋಡುತ್ತಿದ್ದ.

ಆ ಶಾಲೆಯಲ್ಲಿ ಓಬಯ್ಯ ಎಂಬ ಹಿರಿಯ ಮೇಷ್ಟರಿದ್ದರು. ನನ್ನ ತಮ್ಮ ಹುಟ್ಟುವ ಹೊತ್ತಿಗಾಗಲೇ ಅವರು ಬೆತ್ತ ಹಿಡಿದಿದ್ದರೆಂದು ಕಾಣುತ್ತದೆ. ಅವರಿಗೆ ಏನು ಹೇಳಬೇಕೋ, ಹೇಗೆ ಹೇಳಬೇಕೋ ನನ್ನ ತಮ್ಮನಿಗೆ ತೋಚುತ್ತಿರಲಿಲ್ಲ. ಅವರ ಹಾಜರಿ ಪುಸ್ತಕವನ್ನು ತಾನೇ ತಿದ್ದಿ ಬರೆಯುತ್ತಿದ್ದ, ಅವರ ತರಗತಿಯ ಮಕ್ಕಳಿಗೂ ತಾನೇ ಮಗ್ಗಿ ಹೇಳಿಸುತ್ತಿದ್ದ. ಅವರು ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಂಡು ನೋಡುತ್ತಿದ್ದರು.

"ಹುಡುಗ್ರಿಗೆ ಪಾಠ ಹೇಳೋದು ಗೊತ್ತೈತಣ್ಣ," ಅಂದ ತಮ್ಮ ಒಂದು ದಿನ. "ಮೇಷ್ಟ್ರಿಗೇ ಮೇಷ್ಟ್ರಾಗೋದು ಹೆಂಗೆ ಅಂತ ನಂಗ್ಯಾರೂ ಹೇಳ್ಕೊಡ್ಲಿಲ್ಲ."

ಹೇಳಿಕೊಡಬೇಕಾದವರು ಶಾಲಾ ಇನ್‌ಸ್ಪೆಕ್ಟರು. ಆದರೆ ಆಗಿನ ಪದ್ಧತಿ ನಿಮಗೂ ಗೊತ್ತಿರಬಹುದು. ವರ್ಷಕ್ಕೊಮ್ಮೆ ಗಾಡಿಯಲ್ಲಿ ಬಂದು, ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳಿ, ತಪಾಸಣೆ ಪುಸ್ತಕದಲ್ಲಿ ಎರಡು ಸಾಲು ಬರೆದು, ಊಟ ಮುಗಿಸಿ ಹೊರಟುಬಿಡುತ್ತಿದ್ದರು. ಆ ಎರಡು ಸಾಲಿನಿಂದ ಹೆಡ್ ಮೇಷ್ಟರ ಕೆಲಸ ಉಳಿಯುತ್ತಿತ್ತು, ಇಲ್ಲವೇ ಹೋಗುತ್ತಿತ್ತು. ಹಿಂದಿನ ವರ್ಷದ ಸಾಲುಗಳು ಚೆನ್ನಾಗಿರಲಿಲ್ಲ. ಈ ಸಲವೂ ಹಾಗೇ ಆದರೆ ತಮ್ಮ ಮತ್ತೆ ಸಹಾಯಕನಾಗಿ ಇನ್ನೆಲ್ಲಿಗೋ ಹೋಗಬೇಕಿತ್ತು. ಬರುವವರು ಹೊಸ ಇನ್‌ಸ್ಪೆಕ್ಟರು, ಬಹಳ ಬಿಗಿ ಎಂಬ ಸುದ್ದಿ ಬೇರೆ.

ನಮ್ಮ ಸೀಮೆಯಲ್ಲಿ ಒಂದು ಗುಟ್ಟಿನ ರೂಢಿಯಿತ್ತು. ಇನ್‌ಸ್ಪೆಕ್ಟರ ಗಾಡಿಗಿಂತ ಮೊದಲು ಅವರ ಪ್ರಶ್ನೆಗಳು ಊರಿಂದೂರಿಗೆ ಹೋಗುತ್ತಿದ್ದವು. ಕಂಬಳಿ ಹೊತ್ತು ದೊಡ್ಡಉಳ್ಳಾರ್ತಿ ಊರಿಗೆ ಹೋಗಿದ್ದಾಗ ಹೊಸ ಇನ್‌ಸ್ಪೆಕ್ಟರು ಅಲ್ಲಿನ ಶಾಲೆಗೆ ಬಂದಿದ್ದರು. ಶಾಲೆಯಿಂದ ಹೊರಬಂದವರು ನನ್ನ ಗಂಟಿನ ಹತ್ತಿರ ನಿಂತು ಒಂದು ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು, "ಇದು ನೀವೇ ನೇಯ್ದದ್ದೇ?" ಎಂದು ಕೇಳಿ ಮುಂದೆ ಹೋದರು. ಅವರ ಬೆನ್ನು ತಿರುಗಿದ್ದೇ ತಡ, ಅಲ್ಲಿನ ಮಕ್ಕಳಿಗೆ ಬೆಲ್ಲ ಕೊಟ್ಟು, ಇನ್‌ಸ್ಪೆಕ್ಟರು ಕೇಳಿದ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡೆ.

ತಮ್ಮನಿಗೆ ಹೇಳಿದರೆ ಒಪ್ಪುವವನಲ್ಲ. ಅವನು ಪುಸ್ತಕ ತರಲು ಚಳ್ಳಕೆರೆಗೆ ಹೋದ ದಿನ, ಓಬಯ್ಯ ಮೇಷ್ಟರು ಊಟಕ್ಕೆದ್ದ ಹೊತ್ತಿನಲ್ಲಿ, ಮಕ್ಕಳನ್ನು ಸಾಲಾಗಿ ಕೂರಿಸಿ ಉತ್ತರ ಕಲಿಸಿದೆ. ನಮ್ಮ ಜಿಲ್ಲೆ ಚಿತ್ರದುರ್ಗ. ಏಳೆಂಟಲೆ ಐವತ್ತಾರು. ಸೂರ್ಯ ಪಶ್ಚಿಮಕ್ಕೆ ಮುಳುಗುತ್ತಾನೆ. ಅವರಲ್ಲಿ ಅರ್ಧ ಮಂದಿ ಮನೆಯಲ್ಲಿ ತೆಲುಗು ಆಡುವವರು. ಪ್ರಶ್ನೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಒಂದು, ಎರಡು, ಮೂರು ಎಂದು ವರಸೆಯಲ್ಲಿ ಕೂಗಿ ಎಂದು ಹೇಳಿದೆ. "ಮೇಷ್ಟ್ರಿಗೆ ಹೇಳಿದ್ರೆ ನೋಡ್ರಿ ಮತ್ತೆ" ಎಂದು ಹೆದರಿಸಿಯೂ ಬಿಟ್ಟೆ.

ಇನ್‌ಸ್ಪೆಕ್ಟರು ಬಂದರು. ಇಟ್ಟಿದ್ದ ಕುರ್ಚಿಯನ್ನು ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಬೆಳಿಗ್ಗೆ ಏನು ತಿಂದು ಬಂದ್ರಪ್ಪಾ?"

"ಚಿತ್ರದುರ್ಗ!" ಶಾಲೆಯೇ ಕೂಗಿತು.

ಅವರು ಹುಬ್ಬು ಮೇಲೆತ್ತಿದರು. "ಮನೇಲಿ ಎಷ್ಟು ಕುರಿ ಇವೆ?"

"ಐವತ್ತಾರು!"

"ಎಲ್ಲರ ಮನೇಲೂ?"

"ಪಶ್ಚಿಮಕ್ಕೆ ಮುಳುಗ್ತಾನೆ!"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ನೋಡಿ ಮಕ್ಕಳೂ ನಕ್ಕರು. ನಗದೆ ಉಳಿದವರು ಇಬ್ಬರೇ, ನಾನು ಮತ್ತು ತಮ್ಮ. "ಯಾರು ಕಲಿಸಿದ್ದು?" ಎಂದು ಇನ್‌ಸ್ಪೆಕ್ಟರು ಕೇಳಿದರೆ ಮಕ್ಕಳು ಬಾಯಿ ಬಿಡಲಿಲ್ಲ. ತಮ್ಮ ಓಬಯ್ಯನವರ ಕಡೆ ತಿರುಗಿದ.

"ಓಬಯ್ಯನೋರೇ, ನಾನಿಲ್ಲದಾಗ ನೀವೇ ಅಲ್ವಾ ಇದ್ದದ್ದು? ನನ್ನ ಮರ್ಯಾದೆ ಕಳೀಬೇಕು ಅಂತ್ಲೇ ಮಾಡಿದ್ರಾ?"

"ಅಯ್ಯೋ ದೇವುಡಾ!" ಅಂದರು ಮುದುಕ. "ಇಷ್ಟು ವರ್ಷ ಮಾಡದ್ದು ಈಗ ಮಾಡ್ತೀನಾ? ನಂಗೊತ್ತಿಲ್ರಿ."

"ನಿಮ್ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?"

ಓಬಯ್ಯನವರು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಗೆ ನಡೆದರು, ನನ್ನನ್ನು ದಾಟಿಕೊಂಡೇ. ಭಯದಿಂದ ಸುಮ್ಮನಿದ್ದೆನೆಂದು ಹೇಳಿದರೆ ಅದು ಅರ್ಧ ಸತ್ಯ. ತಮ್ಮನ ಕಣ್ಣಲ್ಲಿ ದೊಡ್ಡವನಾಗಿಯೇ ಉಳಿಯಬೇಕೆಂಬ ಆಸೆಯೇ ನನ್ನ ಬಾಯಿ ಕಟ್ಟಿತು.

ಇನ್‌ಸ್ಪೆಕ್ಟರು ಪುಸ್ತಕ ಕೇಳುತ್ತಾರೆ, ಎರಡು ಸಾಲು ಬೀಳುತ್ತವೆ ಎಂದುಕೊಂಡೆ. ಅವರು ಪುಸ್ತಕ ಕೇಳಲಿಲ್ಲ. ಹಾಸಿಗೆ ಸುರುಳಿಯನ್ನು ಚಾವಡಿಗೆ ಕಳಿಸಿ ಮೂರು ದಿನ ನಿಂತರು. ಊಟ ಒಯ್ಯುವವನು ನಾನಾದ್ದರಿಂದ ಅವರ ಮಾತುಗಳು ನನ್ನ ಕಿವಿಗೂ ಬಿದ್ದವು.

"ಓಬಯ್ಯನವರ ಪಾಠಕ್ಕೆ ನೀವು ಎಷ್ಟು ಸಲ ಕೂತಿದ್ದೀರಿ?" ಎಂದು ಕೇಳಿದರು ತಮ್ಮನನ್ನು.

"ಒಂದು ಸಲಾನೂ ಇಲ್ಲ ಸ್ವಾಮಿ. ಹಿರಿಯರು ಅಂತ ಸಂಕೋಚ."

"ನಮ್ಮ ಕಚೇರಿಯವರೂ ನಿಮ್ಮ ಹತ್ತಿರ ಕೂತಿಲ್ಲ. ಮಕ್ಕಳನ್ನು ಪರೀಕ್ಷೆ ಮಾಡಿದೆವು, ನಿಮಗೆ ಏನು ಬೇಕು ಅಂತ ಕೇಳಲಿಲ್ಲ. ತಪ್ಪು ನಮ್ಮಿಂದಲೇ ಶುರು. ನಾಳೆ ಇಬ್ಬರೂ ಹೋಗಿ ಕೂರೋಣ."

ಕೂತರು. ಹೊರಗೆ ಬಂದ ಮೇಲೆ "ಏನು ಕಂಡಿರಿ?" ಎಂದರೆ ತಮ್ಮ ಗಳಗಳನೆ ನಾಲ್ಕು ತಪ್ಪು ಹೇಳಿದ. ಇನ್‌ಸ್ಪೆಕ್ಟರು ಸಿಟ್ಟಾಗಲಿಲ್ಲ, ಸರಿಯೆಂದೂ ಅನ್ನಲಿಲ್ಲ. "ಮತ್ತೆ ನೋಡಿ ಬರೋಣ" ಅಂದರು. ಎರಡನೆಯ ಸಲಕ್ಕೆ ತಮ್ಮನಿಗೆ ಕಂಡದ್ದು ಬೇರೆ. ಓಬಯ್ಯನವರು ಪ್ರತಿ ಲೆಕ್ಕವನ್ನೂ ಮೊದಲು ತೆಲುಗಿನಲ್ಲಿ ಕಥೆ ಮಾಡಿ, ಆಮೇಲೆ ಕನ್ನಡಕ್ಕೆ ತರುತ್ತಿದ್ದರು. ತಾನು ಗಂಟಲು ಹರಿದುಕೊಂಡರೂ ತಲೆಯೆತ್ತದ ಮಕ್ಕಳು ಅಲ್ಲಿ ಬಾಯಿಬಿಟ್ಟು ಕೇಳುತ್ತಿದ್ದರು. "ಇದನ್ನು ಅವರಿಗೆ ಹೇಳಿ. ನಾನು ಪಕ್ಕದಲ್ಲಿರ್ತೇನೆ, ಮಾತಾಡೋದಿಲ್ಲ" ಅಂದರು ಇನ್‌ಸ್ಪೆಕ್ಟರು. ನನಗೆ ಆಗ ಅಪ್ಪನ ಕೈ ನೆನಪಾಯಿತು.

ತಮ್ಮ ಹೇಳಿದ. ಓಬಯ್ಯನವರು ಕೇಳಿಸಿಕೊಂಡು, "ಕಳ್ಳನ ಪಾಠ ಹೊಗಳಬ್ಯಾಡ್ರಿ" ಎಂದು ಎದ್ದುಹೋದರು.

ಹೊರಡುವ ದಿನ ಇನ್‌ಸ್ಪೆಕ್ಟರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. "ದೊಡ್ಡಉಳ್ಳಾರ್ತಿಯಲ್ಲಿ ಕಂಬಳಿ ಮಾರುತ್ತಿದ್ದವರು ನೀವೇ ಅಲ್ಲವೇ, ಮಾರಣ್ಣ?"

ನಾನು ತಲೆಬಾಗಿಸಿ ಹೌದೆಂದೆ.

"ನಾನು ಹೇಳೋದಿಲ್ಲ. ನಾನು ಹೇಳಿದರೆ ನಿಮ್ಮ ತಮ್ಮನಿಗೆ ಒಂದು ಸುದ್ದಿ ತಿಳಿಯುತ್ತೆ, ಅಷ್ಟೇ. ನೀವು ಹೇಳಿದರೆ ಈ ಶಾಲೆ ಉಳಿಯುತ್ತೆ."

ಆಮೇಲೆ ಅವರು ತಿಂಗಳಿಗೊಮ್ಮೆ ಬಂದರು. ಬಾರದ ವಾರಗಳಲ್ಲಿ ತಮ್ಮನಿಗೆ ಕಾಗದ ಬರೆದರು. ಹುಕುಮುಗಳ ಪಟ್ಟಿಯಲ್ಲ, ಪ್ರತಿ ಕಾಗದದಲ್ಲೂ ಒಂದೇ ಪ್ರಶ್ನೆ. ಉತ್ತರ ಹುಡುಕಲು ತಮ್ಮ ವಾರವಿಡೀ ಶಾಲೆಯೊಳಗೆ ಕಣ್ಣು ತೆರೆದುಕೊಂಡು ತಿರುಗುತ್ತಿದ್ದ. ಚಳ್ಳಕೆರೆಯ ಸಂತೆಯ ದಿನ ಸುತ್ತಿನ ಹೆಡ್ ಮೇಷ್ಟರನ್ನೆಲ್ಲ ಒಂದೆಡೆ ಕೂಡಿಸಿ, ಅವರವರ ಕಷ್ಟ ಅವರವರಿಂದಲೇ ಹೇಳಿಸುತ್ತಿದ್ದರಂತೆ. "ನನ್ನೊಬ್ಬನಿಗೇ ಹಿಂಗೆ ಅಂದ್ಕೊಂಡಿದ್ದೆನಣ್ಣ, ಎಲ್ರದ್ದೂ ಇದೇ ಪಾಡು" ಎಂದು ತಮ್ಮ ಹಗುರಾಗಿ ಮನೆಗೆ ಬರುತ್ತಿದ್ದ. ಎಲ್ಲ ಸರಿಹೋಗುತ್ತಿತ್ತು, ಒಂದರ ಹೊರತು. ಓಬಯ್ಯನವರು ಅವನೊಡನೆ ಮಾತು ಬಿಟ್ಟಿದ್ದರು. ಪ್ರತಿ ಸಲವೂ ಇನ್‌ಸ್ಪೆಕ್ಟರು ಗಾಡಿ ಹತ್ತುವಾಗ ನನ್ನನ್ನು ಕೇಳುತ್ತಿದ್ದರು, "ಹೇಳಿದಿರಾ?" ಅಷ್ಟೇ. ನಾಲ್ಕು ತಿಂಗಳು ನಾನು ತಲೆಯಾಡಿಸಿದೆ, ಇಲ್ಲವೆಂದು.

ನಾಲ್ಕನೆಯ ತಿಂಗಳ ಕೊನೆಗೆ ಓಬಯ್ಯನವರು ವರ್ಗಾವಣೆಯ ಅರ್ಜಿ ತಂದು ತಮ್ಮನ ಮುಂದಿಟ್ಟರು. ಅವರು ಹೋದರೆ ಆ ತೆಲುಗು ಮಕ್ಕಳು ಶಾಲೆ ಬಿಡುತ್ತಾರೆಂದು ತಮ್ಮನಿಗೆ ಆಗ ಚೆನ್ನಾಗಿ ಗೊತ್ತಿತ್ತು. ಆದರೂ ಸಹಿ ಮಾಡಲು ಲೇಖನಿ ಅದ್ದಿದ. ಬುತ್ತಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ.

"ಸಹಿ ಮಾಡಬ್ಯಾಡ ತಿಪ್ಪ. ಉತ್ತರ ಕಲಿಸ್ದೋನು ನಾನು. ಅವರಲ್ಲ."

ತಮ್ಮ ನನ್ನನ್ನೇ ನೋಡಿದ. ಆ ನೋಟದಲ್ಲಿ ನಾನು ದೊಡ್ಡವನಾಗಿ ಉಳಿಯಲಿಲ್ಲ. ಮೊದಲು ಬಾಯಿಬಿಟ್ಟವರು ಓಬಯ್ಯನವರು.

"ಥೂ ನಿನ್ನ! ನಾಲ್ಕು ತಿಂಗ್ಳು ನಂಗೆ ಕಳ್ಳನ ಪಟ್ಟ ಕಟ್ಟಿ, ದಿನಾ 'ಚೆನ್ನಾಗಿದೀರಾ ಮೇಷ್ಟ್ರೇ' ಅಂತ ಬ್ಯಾರೆ ಕೇಳ್ತಿದ್ದೆಯಲ್ಲಯ್ಯಾ! ಅದೂ ಕಲಿಸ್ದೆಯಲ್ಲ, ಅರ್ಥ ಹೇಳ್ದೆ ಕಲಿಸ್ತಾರೇನೋ? ನನ್ನ ಕೇಳಿದ್ರೆ ನಾನೇ ನೆಟ್ಟಗೆ ಕಲಿಸಿಕೊಡ್ತಿದ್ದೆ!"

ತಮ್ಮ ನಗಲಿಲ್ಲ. ಎದ್ದು ಅವರ ಮುಂದೆ ಹೋಗಿ ಕೈಮುಗಿದ. "ಅಣ್ಣಂದು ಒಂದು ತಪ್ಪು. ವಿಚಾರಿಸ್ದೆ ಎಲ್ಲರೆದ್ರು ನಿಮ್ಮನ್ನ ಅಂದದ್ದು ನಂದು. ನಾಳೆ ನನ್ನ ಪಾಠಕ್ಕೆ ಬಂದು ಕೂತ್ಕೊಳ್ರಿ. ತಪ್ಪಿದ್ದಲ್ಲಿ ಹೇಳ್ರಿ. ಆಮೇಲೂ ಹೋಗಬೇಕು ಅನ್ನಿಸಿದ್ರೆ ಸಹಿ ಮಾಡ್ತೀನಿ."

ಓಬಯ್ಯನವರು ಮರುದಿನ ಬಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತರು. ಪಾಠ ಮುಗಿದ ಮೇಲೆ ಅಂದರಂತೆ, "ಹೆಡ್ ಮೇಷ್ಟ್ರೇ, ಪಾಠ ಭೇಷಾಗಿತ್ತು. ಆದ್ರೆ ಬಲಗಡೆ ಕೂತಿದ್ದ ನನ್ನ ತೆಲುಗು ಹುಡುಗ್ರ ಕಡೆ ನಿಮ್ಮ ಕಣ್ಣು ಒಂದ್ಸಲಾನೂ ಹೊರಳಲಿಲ್ಲ." ಅರ್ಜಿಯನ್ನು ಅವರೇ ಮಡಿಸಿ ಜೇಬಿಗೆ ಹಾಕಿಕೊಂಡರು.

ತಮ್ಮ ನನ್ನೊಡನೆ ಹದಿನೈದು ದಿನ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಮತ್ತೆ ಮಾತಾಡಿದಾಗ ಅಪ್ಪನೊಡನೆ ಆಡಿದಂತೆ ಆಡಲಿಲ್ಲ, ಅಣ್ಣನೊಡನೆ ಆಡಿದಂತೆ ಆಡಿದ. ನನಗೆ ಅದೇ ಹಿತವೆನಿಸಿತು. ನನ್ನ ಹೆಸರನ್ನು ಅಂದೇ ಹೇಳಿ ಹೋಗಬಹುದಾಗಿದ್ದ ಇನ್‌ಸ್ಪೆಕ್ಟರು ನನಗಾಗಿ ನಾಲ್ಕು ತಿಂಗಳು ಕಾದರು. ಹೆಡ್ ಮೇಷ್ಟರನ್ನು ಹೇಗೆ ಬೆಳೆಸಿದರೋ, ಅವರ ಇಲಾಖೆಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಕಂಬಳಿ ನೇಯುವವನನ್ನೂ ಹಾಗೆಯೇ ಬೆಳೆಸಿದರು. ಇದಕ್ಕೆ ಏನು ಹೇಳಲಿ? ಕೈಮುಗಿಯುತ್ತೇನೆ.

ಮುಂದಿನ ತಿಂಗಳು ಅವರು ಬಂದಾಗ ಶಾಲೆ ಬಿಟ್ಟಿತ್ತು. ಒಳಗೆ ತಮ್ಮನೂ ಓಬಯ್ಯನವರೂ ಒಂದೇ ಹಲಗೆಯ ಮೇಲೆ ಬಾಗಿ, ಭಾಗಾಕಾರವನ್ನು ಮೊದಲು ಹೇಗೆ ಹೇಳಿಕೊಡಬೇಕೆಂದು ಜೋರಾಗಿ ಜಗಳವಾಡುತ್ತಿದ್ದರು. "ನಿಮ್ಮ ಹಟ ಬಿಡ್ರಿ!" ಎಂದು ಇವನು, "ನೀವೂ ಬಿಡ್ರಿ!" ಎಂದು ಅವರು. ಇಲಾಖೆಯ ದೊಡ್ಡವರು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಕೂಗಿ ಹೇಳಲು ಹೋದೆ. ಇನ್‌ಸ್ಪೆಕ್ಟರು ಬೇಡವೆಂದು ಕೈಯಲ್ಲೇ ಸನ್ನೆ ಮಾಡಿ, ಕಾಲಿನ ಕೆರ ಬಿಚ್ಚಿಟ್ಟು, ಸದ್ದಾಗದಂತೆ ಹೊಸ್ತಿಲ ಹೊರಗೆ ಕೂತರು. ಆ ದಿನ ಅವರು ನನ್ನನ್ನು "ಹೇಳಿದಿರಾ?" ಎಂದು ಕೇಳಲಿಲ್ಲ.