ಲೂರ್ದಕ್ಕ ನುಂಗಿಕೊಂಡ ಮಾತು

ಮೊನ್ನೆ ಚನ್ನಪಟ್ಟಣದಲ್ಲಿ ಪಕ್ಕದ ಮನೆಯ ಗೊಂಬೆ ಮಾಡುವ ಸಾಹೇಬರು ಲೋಬಾನ ಹಾಕಿದ್ದರು. ಹೊಗೆ ನನ್ನ ಅಡುಗೆಮನೆಗೂ ನುಗ್ಗಿತು. ಮೂಗಿಗೆ ಜಾತಿಮತ ತಿಳಿಯುವುದಿಲ್ಲ ನೋಡಿ. ನನಗೆ ನೆನಪಾದದ್ದು ಅದೇ ಧೂಪದ ಹೊಗೆ ಏಳುತ್ತಿದ್ದ, ಕನಕಪುರದ ಕಡೆಯ ನಮ್ಮೂರ ಚರ್ಚು, ಅಲ್ಲಿ ಹಾಡುತ್ತಿದ್ದ ನನ್ನ ದೊಡ್ಡಮ್ಮನ ಮಗಳು ಲೂರ್ದಕ್ಕ.

ಆಗ ಅವಳಿಗೆ ಇಪ್ಪತ್ತಮೂರು. ವಾರವೆಲ್ಲ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಬೆಂದ ಆ ಬೆರಳುಗಳೇ ಭಾನುವಾರ ಹಾರ್ಮೋನಿಯಂ ಮೇಲೆ ಓಡುತ್ತಿದ್ದವು. ದೇವರ ಜೊತೆ ಅವಳಿಗೆ ಜಗಳವಾಡುವಷ್ಟು ಸಲುಗೆ. “ಮಳೆ ತಡ ಆಯ್ತು ಅಂತ ಒಸಿನಾದ್ರೂ ಗ್ಯಾನ ಐತಾ ನಿಂಗೆ?” ಎಂದು ಶಿಲುಬೆಯನ್ನೇ ಗದರುತ್ತಿದ್ದಳು.

ತಾಯಿ ಸತ್ತ ವರ್ಷ, ದುಃಖ ಹೇಳಿಕೊಳ್ಳಲು ಹೋದ ಅವಳನ್ನು ನಮ್ಮ ಫಾದರ್ ಬಲವಂತದಿಂದ ಕೆಡಿಸಿದರು. ಒಂದು ಸಲವಲ್ಲ. ಹೊರಗೆ ಹೇಳಿದರೆ ದೇವರ ಶಾಪ ಎಂದರು. (ಈ ಗೌರವದ ಬಹುವಚನ ಇನ್ನೂ ನನ್ನ ನಾಲಗೆ ಬಿಟ್ಟಿಲ್ಲ, ಕ್ಷಮಿಸಿ.)

ಅವಳು ಮೊದಲು ಹೇಳಿದ್ದು ನನಗೆ. ನಾನೋ ಚರ್ಚಿನಲ್ಲಿ ಜಪ ಕಲಿಸುವ ಉಪದೇಶಿಯ ಮಗಳು, ಪರಿಹಾರಗಳ ಪಂಡಿತೆ. ನೆಗಡಿಗೆ ಕಷಾಯ ಹೇಳುವಂತೆ, “ಒಂಬತ್ತು ದಿನ ಜಪಸರ ಹೇಳಕ್ಕ, ಎಲ್ಲಾ ಸರಿಹೋಯ್ತದೆ” ಎಂದೆ. ಆಮೇಲೆ ಅವಳು ನನ್ನ ಅಪ್ಪನಿಗೆ ಹೇಳಿದಳು.

“ದೇವ್ರಿಗೆ ಕೆಟ್ಟೆಸ್ರು ತರ್ಬ್ಯಾಡ ಕಣವ್ವ” ಎಂದರು ಅಪ್ಪ.

ದೇವರ ಹೆಸರು ಉಳಿಯಿತು. ಫಾದರಿಗೆ ಇನ್ನೂ ದೊಡ್ಡ ಚರ್ಚಿಗೆ ವರ್ಗವಾಯಿತು. ಗಂಧದ ಹಾರ, ಬಾಡೂಟ ಎಲ್ಲ ಆಯಿತು. ಬೀಳ್ಕೊಡುಗೆಗೆ ಹಾಡಲು ಒಪ್ಪದ ಲೂರ್ದಕ್ಕನಿಗೆ ಪೊಗರು ಎಂದರು.

ಚರ್ಚನ್ನು ಬಿಡಬೇಕೆಂದೇ ಅವಳು ಬಿಟ್ಟವಳಲ್ಲ. ಹೊಸ ಫಾದರ್ ಬಂದ ಮೇಲೆ ಪರಮಪ್ರಸಾದದ ಸಾಲಿನಲ್ಲಿ ನಿಂತಳು. ಬಿಳಿ ನಿಲುವಂಗಿಯ ತೋಳು ಹತ್ತಿರ ಬಂದದ್ದೇ ಹೊರಗೆ ಓಡಿ ವಾಂತಿ ಮಾಡಿಕೊಂಡಳು. ಊರು ಅದಕ್ಕೆ ವಿಶ್ವಾಸದ ಕೊರತೆ ಎಂದು ಹೆಸರಿಟ್ಟಿತು. ಮನೆಯ ಪ್ರಾರ್ಥನೆಯಲ್ಲಿ ‘ಪರಲೋಕದಲ್ಲಿರುವ ನಮ್ಮ’ ಎನ್ನುವವರೆಗೆ ಬಂದು, ‘ತಂದೆಯೇ’ ಎನ್ನುವ ಮುಂಚೆ ಅವಳ ದನಿ ನಿಂತುಬಿಡುತ್ತಿತ್ತು. ಯಾಕಕ್ಕ ಎಂದು ಕೇಳಿದೆ.

“ಆ ಮನ್ಸನ್ನೂ ಫಾದರ್ ಅಂದೊ, ದೇವ್ರನ್ನೂ ತಂದೆ ಅಂದೊ. ಕರುದ್ರೆ ಯಾರು ಬತ್ತಾರೋ ಅಂತ ಭಯ ಆಯ್ತದೆ ಕಣಮ್ಮಿ.”

ಕೊನೆಗೆ ಊರು ಬಿಟ್ಟು ಅವಳು ರಾಮನಗರ ಸೇರಿದಳು. ಹಾಡು ನಿಂತಿತು, ಜಗಳವೂ ನಿಂತಿತು. ನಾವು ಮಾತ್ರ ತಪ್ಪದೆ ಪ್ರತಿ ಭಾನುವಾರ ಮೊಣಕಾಲೂರುತ್ತಾ ಬಂದೆವು.

ಮೊನ್ನೆ ಒಲೆ ಆರಿಸಿ ಬಸ್ಸು ಹತ್ತಿದೆ. ಅವಳಿಗೀಗ ಐವತ್ತು ದಾಟಿದೆ. ಹೊಸ್ತಿಲಲ್ಲೇ ನಿಂತು ಹೇಳಿದೆ: “ಅಕ್ಕ, ಅವತ್ತು ನೀನು ಹೇಳಿದ್ದು ನಿಜ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ ಬಾಯಿ ಮುಚ್ಚುಸ್ಬುಟ್ಟೆ. ತಪ್ಪಾಯ್ತು.”

ಅವಳು ಬಾಗಿಲನ್ನು ಪೂರ್ತಿ ತೆರೆದಳು.

“ನೀನು ಬರಕ್ಕೇ ಇಷ್ಟು ವರ್ಸ ಆಯ್ತು. ದೇವ್ರು ಇನ್ನೂ ದಾರೀಲವ್ನೆ. ಕೂತ್ಕಮ್ಮಿ, ಕಾಪಿ ಕಾಯ್ಸ್ತೀನಿ.”

ಕೂತೆ. ಅವಳು ಮೊದಲಿನಿಂದ ಹೇಳತೊಡಗಿದಳು. ಈ ಸಲ ನಾನು ಏನೂ ಹೇಳಿಕೊಡಲಿಲ್ಲ.