ಮೇಜರ್ ಮನೆಯ ಹೊರಬೀಡು

ಮಾರಿಹಬ್ಬಕ್ಕೆ ಮುಂಚಿನ ಒಂದು ಮಂಗಳವಾರ ನಮ್ಮೂರು ಊರಿಗೆ ಊರೇ ಖಾಲಿಯಾಗುತ್ತದೆ. ಅದಕ್ಕೆ ಹೊರಬೀಡು ಎನ್ನುತ್ತೇವೆ. ಬೆಳಕು ಹರಿಯುವ ಮೊದಲೇ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ದನಕರು, ಕೋಳಿ, ಕೈಗೂಸು ಯಾವುದನ್ನೂ ಬಿಡದೆ ಗಡಿಕಲ್ಲು ದಾಟಬೇಕು. ಹೊತ್ತು ಮುಳುಗುವವರೆಗೆ ಊರು ಅಮ್ಮನದು. ಗಡಿಕಲ್ಲಿನ ಹತ್ತಿರ ಊರಗೌಡ ನಿಂತು ಒಂದೊಂದೇ ಮನೆಯನ್ನು ಹೆಸರು ಹಿಡಿದು ಕೂಗುತ್ತಾನೆ. ಆ ಮನೆಯ ಯಜಮಾನ ಬಾಯಿಬಿಟ್ಟು "ಬಂದೀವಿ" ಎನ್ನಬೇಕು. ತಲೆಯಾಡಿಸಿದರೆ, ಕೈ ಎತ್ತಿದರೆ ನಡೆಯುವುದಿಲ್ಲ. ಕೂಗಿದ ಮನೆ ಓಗೊಡದಿದ್ದರೆ ದಾರಿಗೆ ಅಡ್ಡ ಮುಳ್ಳು ಎಳೆದು ಊರು ಮುಚ್ಚುವಂತಿಲ್ಲ. ಎಲ್ಲರೂ ಗಂಟುಮೂಟೆ ಹೊತ್ತು ಹಿಂದಿರುಗಿ, ಮುಂದಿನ ಮಂಗಳವಾರ ಮತ್ತೆ ಹೊರಡಬೇಕು.

ನಮ್ಮ ಮನೆಯನ್ನು ಮಾತ್ರ ಯಾರೂ ಕೂಗುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಯಜಮಾನರು.

ಅವರು ಸೊಲ್ಲಾಪುರದ ಕಡೆಯವರು, ಮನೆಮಾತು ಮರಾಠಿ. ಕರಿಕೋಟು ಹಾಕಿಕೊಂಡು ಶಿಕಾರಿಪುರದ ಕೋರ್ಟಿಗೆ ಬಂದಾಗ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲವಂತೆ. ಅಂಬ್ಲಿಗೊಳದ ಕಾಲುವೆಯ ಕೆಳಗೆ ನಮ್ಮಪ್ಪನದೊಂದು ತುಂಡು ಗದ್ದೆಯಿತ್ತು. ಅದರ ಸರಹದ್ದಿನ ತಕರಾರು ಹಿಡಿದುಕೊಂಡು ಅಪ್ಪ ಇವರ ಹತ್ತಿರ ಹೋದ. ಕೇಸು ಸೋತಿತು. ಸೋತ ವಕೀಲನನ್ನೇ ಅಪ್ಪ ಅಳಿಯನನ್ನಾಗಿ ಮಾಡಿಕೊಂಡ. "ಗದ್ದೇನೂ ಹೋತು, ಮಗಳೂ ಹೋದ್ಲು" ಎಂದು ಊರವರು ಆಡಿಕೊಂಡರು. ಅಪ್ಪನ ಲೆಕ್ಕಾಚಾರವೇ ಬೇರೆ. ಸೋತ ದಿನವೇ ಮನೆಗೆ ಬಂದು, ವಾದ ಮಾಡಿದ್ದರಲ್ಲಿ ತಪ್ಪು ತನ್ನದೇ ಎಂದು ಹೇಳಿ ಹೋದ ವಕೀಲನನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಮಗಳು ಹೊಟ್ಟೆಯಲ್ಲಿದ್ದಾಗ ರೇಡಿಯೋದಲ್ಲಿ ಯುದ್ಧದ ಮಾತು ಶುರುವಾಯಿತು. ಇವರು ಕರಿಕೋಟನ್ನು ಮೊಳೆಗೆ ನೇತುಹಾಕಿ ಸೈನ್ಯಕ್ಕೆ ಅರ್ಜಿ ಹಾಕಿದರು. ನನಗೆ ಹೇಳಿದ್ದು ಅರ್ಜಿ ಹೋದ ಮೇಲೆ. "ಮುಂದಿನ ತಾರೀಖು, ಮುಂದಿನ ತಾರೀಖು ಅಂತ ಕಾಯುವುದು ನನ್ನಿಂದ ಆಗದು" ಎಂದರು. ಕಾಯುವ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿ ಹೋದರು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಸೇರಿದ್ದು ಕುದುರೆ ಸೈನ್ಯವನ್ನು. ಹೆಸರಿಗಷ್ಟೇ ಕುದುರೆ. ಅಷ್ಟರಲ್ಲಿ ಕುದುರೆ ಹೋಗಿ ಟ್ಯಾಂಕು ಬಂದಾಗಿತ್ತು. ಆದರೂ ಅಲ್ಲಿ ಸಿಪಾಯಿಯನ್ನು ಸವಾರ ಎಂದೇ ಕರೆಯುತ್ತಾರೆಂದು ರಜೆಗೆ ಬಂದಾಗ ಹೇಳುತ್ತಿದ್ದರು. ಮೊದಲು ಕುದುರೆ ತಿನ್ನಬೇಕು, ಆಮೇಲೆ ಸವಾರ, ಕೊನೆಗೆ ಅಧಿಕಾರಿ. ಕುದುರೆ ಹೋದರೂ ಆ ಪಾಠ ಉಳಿದಿತ್ತು. ನಮ್ಮ ಮನೆಯಲ್ಲೂ ದನಕ್ಕೆ ಹುಲ್ಲು ಬೀಳದೆ ಇವರು ತಟ್ಟೆಯ ಮುಂದೆ ಕೂತದ್ದನ್ನು ನಾನು ನೋಡಿಲ್ಲ.

ಮೇಜರ್ ಆಗಿ, ಮಂಡಿಗೆ ಪೆಟ್ಟು ಮಾಡಿಕೊಂಡು ಹಿಂದಿರುಗಿದರು. ಆನವಟ್ಟಿಗೆ ಹೋಗುವ ದಾರಿಯಲ್ಲಿ, ನನ್ನ ತವರಿನ ಪಕ್ಕದಲ್ಲೇ ಮನೆ ಕಟ್ಟಿದೆವು. ಆ ವರ್ಷದ ಹೊರಬೀಡಿಗೆ ಗೌಡರು ಹೇಳಲು ಬಂದಾಗ ಇವರೊಳಗಿನ ವಕೀಲ ಎದ್ದು ಕೂತ.

"ನನ್ನ ಮನೆಯಿಂದ ನನ್ನನ್ನು ಹೊರಗೆ ಹಾಕೋದಕ್ಕೆ ಕೋರ್ಟಿನ ಆದೇಶ ಬೇಕು, ಗೌಡ್ರೆ."

ನಾನು ಮಗಳ ಕೈಹಿಡಿದು ತವರಿನವರ ಜೊತೆ ಹೋದೆ. ಇವರು ಬಾಗಿಲು ಹಾಕಿಕೊಂಡು ಒಳಗೆ ಪೇಪರು ಓದಿದರು. ಗೌಡರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಕೂಗಿದರೆ ಓಗೊಡುವವರಿಲ್ಲ, ಓಗೊಡದಿದ್ದರೆ ಊರೆಲ್ಲ ವಾಪಸ್ ಹೋಗಬೇಕು. ಕಡೆಗೆ ಕೂಗುವುದನ್ನೇ ಬಿಟ್ಟರು. "ಅವ್ರು ಹೊರಗಿನೋರು, ನೆಂಟ್ರಿದ್ದಂಗೆ. ಅಮ್ಮ ಅವ್ರನ್ನ ಲೆಕ್ಕಕ್ಕೆ ಹಿಡಿಯಲ್ಲ" ಎಂದು ಹಿರಿಯರು ತೀರ್ಮಾನ ಮಾಡಿದರು. ಇವರು ಕೇಸು ಗೆದ್ದವರಂತೆ ಬೀಗಿದರು.

ಅದರ ಬೆಲೆ ಗೊತ್ತಾದದ್ದು ತಾಲ್ಲೂಕಿನ ಚುನಾವಣೆಗೆ ನಿಂತಾಗ. ಕುಬಟೂರಿನ ಕಡೆಯ ಒಂದು ವೀರಗಲ್ಲಿನಲ್ಲಿ ಕುದುರೆ ಏರಿದ ವೀರನಿದ್ದಾನೆ. ಅದನ್ನು ನೋಡಿ ಬಂದ ಇವರ ಕಡೆಯವರು, ಕುದುರೆ ಸೈನ್ಯದವರು ಕುದುರೆ ಮೇಲೆಯೇ ಓಟು ಕೇಳಬೇಕೆಂದು ಹಠ ಹಿಡಿದರು. ಶಿಕಾರಿಪುರದಿಂದ ಒಂದು ಬಿಳಿ ಕುದುರೆಯೂ ಬಂತು. ಅದು ಮದುವೆ ಮೆರವಣಿಗೆಯ ಕುದುರೆ, ವಾದ್ಯದ ಸದ್ದು ಕಿವಿಗೆ ಬಿದ್ದರೆ ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಎದುರು ಪಾರ್ಟಿಯವರಿಗೆ ಇದರ ಸುಳಿವು ಸಿಕ್ಕಿ, ಇವರು ಹೋದಲ್ಲೆಲ್ಲ ಡೊಳ್ಳಿನವರನ್ನು ಕಳಿಸಿದರು. ಮೇಜರು ಭಾಷಣಕ್ಕೆ ಬಾಯಿ ತೆರೆದರೆ ಸಾಕು, ಕುದುರೆ ಕುಣಿಯಲು ಶುರು. ನಾನೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೇನೆ. ಆದರೆ ಇವರನ್ನು ಸೋಲಿಸಿದ್ದು ಕುದುರೆಯಲ್ಲ. ಎದುರಿನವರು ಮನೆಮನೆಗೂ ಹೋಗಿ ಒಂದೇ ಮಾತು ಕೇಳಿದರು.

"ಹೊರಬೀಡಿಗೆ ಬರದೋರು ನಮ್ಮೋರು ಹೆಂಗಾಗ್ತಾರ್ರೀ?"

ಮುಂದೆ ಪಂಚಾಯ್ತಿಗೆ ನಿಂತು ಗೆದ್ದರು, ಅಧ್ಯಕ್ಷರೂ ಆದರು. ಕಾಲುವೆಯ ಹೂಳು ತೆಗೆಸಿದರು, ಬಸ್ಸಿಗೆ ಕಾಯುವವರಿಗೆ ಸೂರು ಹಾಕಿಸಿದರು. ಪಟ್ಟೆ ಪಹಣಿ ಎಂದು ಯಾರೇ ಬಂದರೂ ಕೂರಿಸಿಕೊಂಡು ಕಾನೂನು ಹೇಳಿದರು. ಕೆಲಸಕ್ಕೆಲ್ಲ ಇವರು ಬೇಕಿತ್ತು. ಗಡಿಕಲ್ಲಿನ ಹತ್ತಿರ ಮಾತ್ರ ನಮ್ಮ ಮನೆಗೆ ಹೆಸರಿರಲಿಲ್ಲ. ಪ್ರತಿವರ್ಷವೂ ನಾನು ಕರೆಯುತ್ತಿದ್ದೆ. "ಈಗ ಹೋದರೆ ಓಟಿಗೋಸ್ಕರ ಬಂದ ಅಂತಾರೆ" ಎನ್ನುತ್ತಿದ್ದರು. ಅದು ನಿಜವೂ ಇರಬಹುದು, ಹಠವೂ ಇರಬಹುದು. ಬೇರೆಯವರ ಮನೆಯ ಗುಂಪಿನಲ್ಲಿ ನಿಂತು ನನ್ನ ಮನೆಯ ಹೆಸರು ಬಾರದೇ ಹೋಗುವುದನ್ನು ಕೇಳಿಸಿಕೊಳ್ಳುತ್ತಿದ್ದವಳು ನಾನು.

ಆಮೇಲೆ ವಯಸ್ಸಾಯಿತು, ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅವುಗಳ ಜೊತೆಗೆ ಮಾತೂ ಹೋಯಿತು. ಕೋರ್ಟು, ಪಂಚಾಯ್ತಿ ಎಂದು ಮಾತಿನಿಂದಲೇ ಬದುಕಿದವರಿಗೆ ನೀರು ಎನ್ನಲೂ ಬರುತ್ತಿರಲಿಲ್ಲ. ಹೋದ ವರ್ಷ ಹೊರಬೀಡಿನ ಮೊದಲು ಗೌಡ ಮನೆಗೆ ಬಂದ. ಹಳೆಯ ಗೌಡರ ಮಗ, ಒಳ್ಳೆಯವನು.

"ಅಕ್ಕಾ, ಸಾಹೇಬ್ರನ್ನ ಅಲುಗಾಡಿಸ್ಬ್ಯಾಡ್ರಿ. ಮೊದ್ಲಿಂದ ನಡ್ಕಂಡ್ ಬಂದಂಗೆ ಇಲ್ಲೇ ಮಲಗಿರ್ಲಿ. ಹೊರಗಿನೋರಿಗೆ ದೋಷ ಇಲ್ಲ" ಎಂದ.

ಮಂಚದ ಪಟ್ಟಿಯ ಮೇಲೆ ಎಡಗೈ ಬಡಿಯುವ ಸದ್ದಾಯಿತು. ನೀರು ಬೇಕೆ, ಮಗ್ಗುಲು ಬದಲಿಸಲೆ ಎಂದು ಕೇಳಿದೆ. ಯಾವುದೂ ಅಲ್ಲ. ಅದೇ ಕೈಯನ್ನು ಬಾಗಿಲಿನ ಕಡೆ ತೋರಿಸಿದರು, ಮತ್ತೆ ಬಡಿದರು. ನನಗೆ ಅರ್ಥವಾಯಿತು.

"ಕಾಲು ಗಟ್ಟಿಯಿದ್ದಾಗ ಕರೆದೆ, ಬರಲಿಲ್ಲ. ಈಗ ಬರ್ತೀರಾ?" ಎಂದು ಗೌಡನ ಎದುರಿಗೇ ಬೈದೆ.

ಅವರ ಕಣ್ಣು ತುಂಬಿಕೊಂಡಿತು.

"ಇವ್ರೂ ಬರ್ತಾರೆ. ಈ ಸಲ ನಮ್ಮನೇನೂ ಕೂಗ್ಬೇಕು" ಎಂದೆ ಗೌಡನಿಗೆ.

"ಕೂಗಿದ್ರೆ ಓಗೊಡ್ಬೇಕಲ್ಲಕ್ಕಾ. ಇವ್ರಿಗೆ ಮಾತೇ ಇಲ್ಲ. ಊರೆಲ್ಲ ವಾಪಸ್ ಬರ್ಬೇಕಾಗ್ತದೆ."

ಅಲ್ಲೇ ಇದ್ದ ನನ್ನ ತಮ್ಮ, "ಭಾವನ ಬದ್ಲು ನಾನು ಅಂತೀನಿ ಬಿಡ್ರಿ" ಎಂದ. ಇವರು ದಿಂಬಿನ ಮೇಲೆಯೇ ತಲೆಯನ್ನು ಅತ್ತಿತ್ತ ಆಡಿಸಿದರು. ಬೇಡ ಎಂದರೆ ಬೇಡ. ಗೌಡ "ನೋಡಾಣ" ಎಂದು ಎದ್ದು ಹೋದ.

ಆನವಟ್ಟಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುವ ಮಗಳು ನಮ್ಮ ಜೊತೆಗೇ ಇರುತ್ತಾಳೆ. ಆ ಮಂಗಳವಾರ ಅವಳೂ ನನ್ನ ತಮ್ಮನೂ ಸೇರಿ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹಾಸಿಗೆ ಹಾಕಿ ಇವರನ್ನು ಮಲಗಿಸಿದರು. ಟ್ರ್ಯಾಕ್ಟರ್ ಶುರುವಾದೊಡನೆ ಇವರು ಎಡಗೈ ಅಡ್ಡ ಹಿಡಿದರು. ಪಕ್ಕದ ಮನೆಯ ದನಗಳು ಹೋದವು, ಕುರಿಗಳು ಹೋದವು, ಬುಟ್ಟಿ ಹೊತ್ತ ಹೆಂಗಸರು ಹೋದರು. ಕೈ ಇಳಿಯಲಿಲ್ಲ. ಕೇರಿಯಲ್ಲಿ ಯಾರೂ ಉಳಿದಿಲ್ಲ ಎಂದಾದ ಮೇಲೆಯೇ ಕೈ ಕೆಳಗೆ ಬಂತು. ಊರು ಬಿಟ್ಟವರಲ್ಲಿ ನಾವೇ ಕೊನೆ.

ಗಡಿಕಲ್ಲಿನ ಹತ್ತಿರ ಗೌಡ ಎಲ್ಲ ಮನೆಗಳನ್ನೂ ಕೂಗಿ ಮುಗಿಸಿದ. ಒಂದು ಗಳಿಗೆ ನೆಲ ನೋಡಿದ. ನಮ್ಮ ಮನೆಗೆ ಏನೆಂದು ಕರೆಯಬೇಕೆಂದು ಅವನಿಗೂ ಗೊತ್ತಿರಲಿಲ್ಲವೇನೋ.

"ಮೇಜರ್ ಮನೇ!"

ಎಲ್ಲರೂ ಟ್ರೈಲರಿನ ಕಡೆ ತಿರುಗಿದರು. ಇವರ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿ ಅದುರಿತು. ಕತ್ತಿನ ನರ ಉಬ್ಬಿತು. ಸದ್ದಿಲ್ಲ. ಕೂಸೊಂದು ಅತ್ತಿತು. ಇಳಿಸಿದ್ದ ಗಂಟನ್ನು ಯಾರೋ ಮತ್ತೆ ತಲೆಗೇರಿಸಿದರು. ತಮ್ಮ ಬಾಯಿ ತೆರೆಯಲು ಹೋದ, ನಾನು ಅವನ ಮಣಿಕಟ್ಟು ಹಿಡಿದೆ. ಅಮ್ಮಾ, ಇವರ ಬಾಯಿಗೆ ಇದೊಂದು ಮಾತು ಕೊಡು, ಆಮೇಲೆ ಬೇಕಾದರೆ ನನ್ನದನ್ನು ಕಿತ್ತುಕೋ ಎಂದು ಬೇಡಿಕೊಂಡೆ.

ಆಗ ಅವರ ಗಂಟಲಿನಿಂದ ಒಂದು ಸದ್ದು ಬಂತು. ಕರು ಕೂಗಿದ ಹಾಗೆ. ಅದನ್ನು "ಬಂದೀವಿ" ಎಂದು ಯಾವ ಕೋರ್ಟೂ ಒಪ್ಪುತ್ತಿರಲಿಲ್ಲ.

ಎಲ್ಲರ ಕಣ್ಣೂ ಗೌಡನ ಮೇಲೆ. ಅವನು ಇವರನ್ನು ನೋಡಿದ, ಕೈಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ನೋಡಿದ.

"ಮೇಜರ್ ಮನೆ ಬಂತು" ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ದಾರಿಗೆ ಅಡ್ಡ ಮುಳ್ಳು ಎಳೆದ.

ಆ ದಿನವೆಲ್ಲ ಹುಣಸೆಮರದ ಕೆಳಗೆ ಮಲಗಿ ಅವರು ಖಾಲಿ ಊರನ್ನು ನೋಡುತ್ತಿದ್ದರು. ದನಕ್ಕೆ ಹಾಕಿದ ಮೇಲೆ, ಎಲ್ಲರ ಊಟ ಮುಗಿದ ಮೇಲೆ ನನ್ನ ಕೈಯಿಂದ ಎರಡು ತುತ್ತು ಅನ್ನ ತಿಂದರು. ಆಷಾಢದಲ್ಲಿ ತೀರಿಕೊಂಡರು.

ಈ ವರ್ಷವೂ ಹೊರಬೀಡು ಬಂತು. ಮಗಳು ಅವಸರ ಮಾಡಿದರೂ ನಾನು ಕೇರಿಯವರೆಲ್ಲ ಹೋಗುವವರೆಗೆ ಬಾಗಿಲಲ್ಲೇ ನಿಂತೆ. ಆಮೇಲೆ ಬೀಗ ಹಾಕಿ ನಡೆದೆವು. ಗಡಿಕಲ್ಲಿನ ಹತ್ತಿರ ಹೆಂಗಸರು ಓಗೊಡುವ ವಾಡಿಕೆಯಿಲ್ಲ. ಅದಕ್ಕೇ ತಮ್ಮ ನಮ್ಮ ಪಕ್ಕಕ್ಕೆ ಬಂದು ನಿಂತಿದ್ದ.

"ಮೇಜರ್ ಮನೇ!" ಎಂದು ಗೌಡ ಕೂಗಿದ.

ತಮ್ಮ ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಬಂದೀವಿ" ಎಂದೆ ನಾನು.

ಗೌಡ ನನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಮುಳ್ಳು ಎಳೆದ.