ಹನ್ನೆರಡನೆಯ ಶೆಗಡಿ

2018ರಲ್ಲಿ ನಾನು ಕೆನಡಾದ ಒಂಟಾರಿಯೊದಲ್ಲಿ ವಿದ್ಯುತ್ ಉಪಕರಣಗಳ ಸುರಕ್ಷತೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೆಲಸದ ತಿರುಳು ಸರಳ. ಪ್ಲಗ್ಗಿಗೆ ಹಾಕುವ ಯಾವ ವಸ್ತುವನ್ನೂ ಒಪ್ಪಿಗೆ ಪಡೆದ ಪ್ರಯೋಗಾಲಯ ಪರೀಕ್ಷಿಸಿ ತನ್ನ ಗುರುತು ಹಾಕದೆ ಇಲ್ಲಿ ಮಾರುವಂತಿಲ್ಲ. ಗುರುತಿಲ್ಲದ ಮಾಲು ಕಂಡರೆ ಮುಟ್ಟುಗೋಲು ಹಾಕಬೇಕು, ಕೊಂಡವರಿಗೆ ಎಚ್ಚರಿಕೆ ಕೊಡಬೇಕು, ಸರ್ಕಾರಿ ವಕೀಲರಿಗೆ ಮೊಕದ್ದಮೆಯ ಕಡತ ಕಟ್ಟಿಕೊಡಬೇಕು. ಯಾರ ಮನೆಗೆ ಊಟಕ್ಕೆ ಹೋದರೂ ಟೋಸ್ಟರನ್ನು ತಲೆಕೆಳಗು ಮಾಡಿ ತಳ ನೋಡುವ ಚಟ ನನ್ನದು. ಹೆಂಡತಿ ಶಾರದಾ ಇದಕ್ಕಾಗಿ ನನ್ನನ್ನು ಎಷ್ಟೋ ಸಲ ಬೈದಿದ್ದಳು.

ಆ ವರ್ಷ ಅಕ್ಟೋಬರ್‌ನಲ್ಲಿ ಮಗಳು ಪಲ್ಲವಿ ಬಾಣಂತನಕ್ಕೆಂದು ಓಕ್‌ವಿಲ್‌ನ ನಮ್ಮ ಮನೆಗೆ ಬಂದಳು. ನಮ್ಮ ಧಾರವಾಡದ ಕಡೆ ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೆಗಡಿ ಇಟ್ಟು ಬೆನ್ನು ಕಾಯಿಸುತ್ತಾರೆ. ಇಲ್ಲಿ ಕೆಂಡ ಹೊತ್ತಿಸಿದರೆ ಸ್ಮೋಕ್ ಅಲಾರ್ಮ್ ಓಣಿಗೆಲ್ಲ ಕೇಳುವಂತೆ ಅರಚುತ್ತದೆ. ಈ ತೊಂದರೆಗೆ ಪರಿಹಾರ ಕಂಡುಹಿಡಿದವನು ವೀರೇಶ. ಹುಬ್ಬಳ್ಳಿಯವನು, ಬೋಲ್ಟನ್ನಿನ ವೇರ್‌ಹೌಸ್ ಒಂದರಲ್ಲಿ ಮೆಕ್ಯಾನಿಕ್. ತನ್ನ ಹೆಂಡತಿಯ ಬಾಣಂತನಕ್ಕೆಂದು ಗರಾಜಿನಲ್ಲಿ ಕರೆಂಟಿನ ಶೆಗಡಿ ಮಾಡಿದ್ದ. ಸ್ಟೀಲಿನ ಡಬ್ಬಿ, ಒಳಗೆ ಹೀಟರ್ ಕಾಯಿಲ್, ಮೇಲೆ ಜಾಲರಿ. ಆಮೇಲೆ ಕೇಳಿದವರಿಗೂ ಮಾಡಿ ಮಾರತೊಡಗಿದ. ನಮ್ಮ ಮನೆಗೂ ಒಂದು ಬಂತು.

ಅಭ್ಯಾಸಬಲದಿಂದ ನಾನು ಅದನ್ನೂ ತಿರುಗಿಸಿ ನೋಡಿದೆ. ಗುರುತು ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಶಾಖ ಮಿತಿಮೀರಿದರೆ ತಾನೇ ಆರಿಹೋಗುವ ಕಟಾಫ್ ಇರಲಿಲ್ಲ. ಜಾಲರಿಯ ಮೇಲೆ ಬಟ್ಟೆ ಬಿದ್ದರೆ ಅದು ಹತ್ತಿಕೊಳ್ಳುವವರೆಗೂ ಕಾಯಿಲ್ ಕೆಂಪಗೇ ಇರುತ್ತದೆ. ಹಾಸಿಗೆಯಲ್ಲಿದ್ದ ಪಲ್ಲವಿ ನನ್ನ ಮುಖ ನೋಡಿ, “ಅಪ್ಪಾ, ಈಸ್ ದಿಸ್ ಥಿಂಗ್ ಸೇಫ್?” ಎಂದಳು. ನಾನು ಉತ್ತರಿಸುವ ಮೊದಲೇ ಶಾರದಾ, “ನಿಮ್ಮ ಆಫೀಸು ಆಫೀಸ್‌ನ್ಯಾಗ ಇರ್ಲಿ. ಮನ್ಯಾಗ ಬಾಣಂತಿ ಅದಾಳ” ಎಂದಳು. ನಾನು ಶೆಗಡಿಯನ್ನು ಹೊರಸಿನ ಕೆಳಗೆ ತಳ್ಳಿ, ಬಟ್ಟೆ ಜೋತುಬೀಳದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಬೇರೆ ಯಾರ ಮನೆಯಲ್ಲಾದರೂ ಕಂಡಿದ್ದರೆ ಅದೇ ದಿನ ನೋಟಿಸು ಹೋಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತು ನನ್ನಂಥವನಿಗಾಗಿಯೇ ಹುಟ್ಟಿದ್ದಿರಬೇಕು.

ನವೆಂಬರ್‌ನಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಬಂದ ಹೆಂಗಸರೆಲ್ಲ ಬಾಣಂತಿಯ ಕೋಣೆಗೆ ಹೋಗಿ, ಹೊರಸು, ಶೆಗಡಿ ನೋಡಿ ಮೆಚ್ಚಿಕೊಂಡರು. ಅವರು ಏನನ್ನು ನೋಡಿ ಹೋದರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಜನವರಿಯಲ್ಲಿ ಅಗ್ನಿಶಾಮಕ ದಳದಿಂದ ವರದಿ ಬಂತು. ಬರ್ಲಿಂಗ್ಟನ್ನಿನ ಅಪಾರ್ಟ್‌ಮೆಂಟ್ ಒಂದರಲ್ಲಿ ರೇಖಾ ಎಂಬ ಬಾಣಂತಿಯ ಹಾಸಿಗೆಗೆ ಬೆಂಕಿ ಹತ್ತಿ, ಬೆನ್ನು ಮತ್ತು ಎಡತೋಳು ಸುಟ್ಟಿದ್ದವು. ಕೂಸು ಹಾಲ್‌ನಲ್ಲಿ ತೊಟ್ಟಿಲಲ್ಲಿದ್ದುದರಿಂದ ಉಳಿಯಿತು. ಜೊತೆಗಿದ್ದ ಫೋಟೋ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದೇ ಡಬ್ಬಿ, ಅದೇ ಜಾಲರಿ. ತನಿಖೆ ಸಹೋದ್ಯೋಗಿ ಹೆಲೆನ್‌ಳದ್ದು. ರೇಖಾಳ ತಾಯಿಗೆ ಇಂಗ್ಲಿಷ್ ಬಾರದ ಕಾರಣ ನನ್ನನ್ನು ಜೊತೆಗೆ ಕಳಿಸಿದರು. ಈ ಡಬ್ಬಿ ನಮ್ಮ ಮನೆಯಲ್ಲೂ ಇತ್ತು ಎಂದು ಆಗಲೇ ಹೇಳಿ ನಾನು ಹಿಂದೆ ಸರಿಯಬೇಕಿತ್ತು. ಹೇಳಲಿಲ್ಲ.

ತಾಯಿ ಶಾಂತವ್ವ ಬೈಲಹೊಂಗಲದ ಕಡೆಯಿಂದ ಮಗಳ ಬಾಣಂತನಕ್ಕೆಂದೇ ಬಂದವರು. ಬೆಂಕಿ ಆರಿಸುವಾಗ ಅವರ ಅಂಗೈಗಳೂ ಸುಟ್ಟು, ಬ್ಯಾಂಡೇಜು ಸುತ್ತಿತ್ತು. ಕನ್ನಡದವನು ಬಂದನೆಂದು ಅವರಿಗೆ ಸಮಾಧಾನ. ಶೆಗಡಿಯನ್ನು ಏಕೆ ಕೊಂಡಿರಿ ಎಂದು ಹೆಲೆನ್ ಕೇಳಿದಳು, ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ.

“ಮೊದ್ಲ ನಾ ಒಲ್ಲೆ ಅಂದಿದ್ನಿರೀ, ಕರೆಂಟಿಂದು ಅಂತ ಅಂಜಿಕಿ ಇತ್ತು. ಆಮ್ಯಾಲ, ಇದನ್ನೆಲ್ಲಾ ಚೆಕ್ ಮಾಡೋ ಇನ್‌ಸ್ಪೆಕ್ಟರ್ ಸಾಹೇಬ್ರ ಮನ್ಯಾಗ ಅವರ ಮಗಳಿಗೂ ಇದನ್ನ ಇಟ್ಟಾರ ಅಂತ ನೋಡಿ ಬಂದವ್ರು ಅಂದ್ರು. ಮತ್ತ ಅಂಜೂದ್ಯಾಕ ಅಂತ ತೊಗೊಂಡ್ವಿ.”

ಆ ಸಾಹೇಬ ಎದುರಿಗೇ ಕೂತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಏನು ಹೇಳಿದರು ಎಂದು ಹೆಲೆನ್ ನನ್ನತ್ತ ನೋಡಿದಳು. ಪರಿಚಯದವರು ಒಳ್ಳೆಯದೆಂದು ಹೇಳಿದ್ದರಿಂದ ಕೊಂಡರಂತೆ ಎಂದೆ. ಅವಳು ಅದನ್ನೇ ಬರೆದುಕೊಂಡಳು. ಓದಲು ಬಾರದ ಆ ಇಂಗ್ಲಿಷ್ ಕಾಗದದ ಮೇಲೆ ಶಾಂತವ್ವ ಬ್ಯಾಂಡೇಜಿನ ಬೆರಳುಗಳಲ್ಲೇ ಪೆನ್ನು ಹಿಡಿದು, ನನ್ನನ್ನು ನಂಬಿ, ಕನ್ನಡದಲ್ಲಿ ಸಹಿ ಮಾಡಿದರು. ಮೂವತ್ತು ವರ್ಷದ ಕೆಲಸದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಿಂದ ಏನೂ ಹಗುರಾಗಿಲ್ಲ.

ಮರುದಿನ ಬೆಳಿಗ್ಗೆ ವೀರೇಶನ ಗರಾಜಿಗೆ ಹೋದೆವು. ಅವನು ಏನನ್ನೂ ಮುಚ್ಚಿಡಲಿಲ್ಲ. ಉಳಿದ ಸಾಮಾನನ್ನೆಲ್ಲ ತಂದಿಟ್ಟ, ರೇಖಾಳ ಮನೆ ಬಿಟ್ಟು ಬೇರೆ ಕೊಂಡವರ ಪಟ್ಟಿ ಬರೆದುಕೊಟ್ಟ. ಹನ್ನೊಂದು ಹೆಸರು. ಅಂದು ಸಂಜೆಯೊಳಗೆ ಎಲ್ಲರಿಗೂ ಫೋನ್ ಮಾಡಿ ಶೆಗಡಿ ಬಳಸದಂತೆ ಹೇಳಬೇಕೆಂದು ಹೆಲೆನ್ ತೀರ್ಮಾನಿಸಿದಳು. ಅವಳು ಪೆಟ್ಟಿಗೆಗಳನ್ನು ವ್ಯಾನಿಗೆ ಒಯ್ಯುವಾಗ ವೀರೇಶ ನನ್ನ ಹತ್ತಿರ ಬಂದು, “ಕಾಕಾ, ನಿಮ್ಮ ಹೆಸರು ಬರದಿಲ್ರೀ. ಎಲ್ಲೂ ಹೇಳಂಗಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ” ಎಂದ. ಕಣ್ಣು ಒದ್ದೆಯಾಗಿತ್ತು. ತಪ್ಪು ಮಾಡಿದವನೇ ನನ್ನ ಮಾನ ಕಾಯಲು ನಿಂತಿದ್ದ. ನನಗೆ ನಿಜವಾಗಿ ಸಮಾಧಾನವಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಸಮಾಧಾನ ಕಾರಿನ ಬಾಗಿಲು ತೆಗೆಯುವವರೆಗೂ ಬಾಳಲಿಲ್ಲ. ಪಲ್ಲವಿ ತನ್ನ ಮನೆಗೆ ಹೋಗಿ ಮೂರು ವಾರವಾಗಿತ್ತು. ಹಾಗಾದರೆ ನಮ್ಮ ಶೆಗಡಿ ಎಲ್ಲಿ? ಶಾರದಾಳಿಗೆ ಫೋನ್ ಮಾಡಿದೆ. ಬಾಣಂತಿಯ ಸಾಮಾನನ್ನು ಮುಂದಿನ ಬಾಣಂತಿಗೆ ದಾಟಿಸುವುದು ನಮ್ಮಲ್ಲಿ ರೂಢಿ. ಹೊರಸು, ಶೆಗಡಿ ಎರಡನ್ನೂ ಬೋಲ್ಟನ್ನಿನ ಒಬ್ಬ ಹುಡುಗಿಗೆ ಕಳಿಸಿದ್ದಳು. ಪರಿಚಯದವರೊಬ್ಬರ ಮೂಲಕ ಹೋಗಿತ್ತು. ಹುಡುಗಿಯ ಹೆಸರು ಸವಿತಾ, ಗಂಡ ಅಲ್ಲಿನ ಯಾವುದೋ ವೇರ್‌ಹೌಸಿನಲ್ಲಿ ಕೆಲಸಕ್ಕಿದ್ದಾನೆ ಎಂಬುದನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ, ವಿಳಾಸವೂ. ಮಧ್ಯೆ ಇದ್ದವರು ಫೋನ್ ಎತ್ತುತ್ತಿರಲಿಲ್ಲ.

ಹನ್ನೊಂದು ಮನೆಗಳಿಗೆ ಎಚ್ಚರಿಕೆ ಹೋಗುತ್ತದೆ. ಹನ್ನೆರಡನೆಯ ಮನೆಗೆ ಹೋಗುವುದಿಲ್ಲ, ಏಕೆಂದರೆ ಅಲ್ಲಿರುವುದು ನನ್ನ ಶೆಗಡಿ. ಹೆಲೆನ್‌ಗೆ ಹೇಳಿದರೆ ಅವಳು ಪೊಲೀಸರು, ಆಸ್ಪತ್ರೆ, ವೇರ್‌ಹೌಸಿನವರು ಎಂದು ಹತ್ತು ಕಡೆಯಿಂದ ಹುಡುಕಿಸಬಲ್ಲಳು. ಹೇಳದೆ ನಾನೊಬ್ಬನೇ ಹುಡುಕಿದರೆ ಎಷ್ಟು ದಿನವೋ. ಕಾರಿನ ಪಕ್ಕ ನಿಂತು ನಾನು ಹೆಂಡತಿಯ ಮೇಲೆ ರೇಗಿದೆ. ಅವಳು, “ತಿರುವಿ ನೋಡಿದವರು ನೀವಲ್ಲೇನು?” ಎಂದು ಫೋನ್ ಇಟ್ಟಳು.

ವ್ಯಾನಿನ ಹತ್ತಿರ ಹೋಗಿ ಹೆಲೆನ್‌ಗೆ ಎಲ್ಲವನ್ನೂ ಹೇಳಿದೆ, ಹಿಂದಿನ ದಿನ ತಿರುಚಿದ ಮಾತನ್ನೂ ಸೇರಿಸಿ. ಅವಳು ಬೈಯಲಿಲ್ಲ. ಆ ಹುಡುಗಿಯ ಹೆಸರೇನು ಎಂದಷ್ಟೇ ಕೇಳಿ ಫೋನ್ ಕೈಗೆತ್ತಿಕೊಂಡಳು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬೇಸ್‌ಮೆಂಟ್ ಮನೆಯೊಂದರಲ್ಲಿ ಸವಿತಾ ಸಿಕ್ಕಳು. ಶೆಗಡಿಯ ಕಾಯಿಲ್ ಕೆಂಪಗೆ ಕಾದಿತ್ತು. ಮಗುವಿನ ದುಪ್ಪಟಿಯ ಅಂಚು ಜಾಲರಿಯಿಂದ ಗೇಣು ಮೇಲಿತ್ತು ಎಂದು ಹೆಲೆನ್ ವರದಿಯಲ್ಲಿ ಬರೆದಿದ್ದಾಳೆ.

ನನ್ನನ್ನು ಆ ಕಡತದಿಂದ ತೆಗೆದರು, ಲಿಖಿತ ಛೀಮಾರಿ ಹಾಕಿದರು, ಸ್ಥಳ ತನಿಖೆಗೆ ಮತ್ತೆ ಕಳಿಸಲಿಲ್ಲ. ವೀರೇಶ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಶಾಂತವ್ವನವರ ಹೇಳಿಕೆಯನ್ನು ಬೇರೆ ದುಭಾಷಿಯ ಮೂಲಕ ಹೊಸದಾಗಿ ಬರೆಸಿದರು. ಪ್ರಕರಣ ಮುಗಿದ ಮೇಲೆ, ಕಚೇರಿಯ ಅನುಮತಿ ಪಡೆದು, ನಾನು ಅವರ ಮನೆಗೆ ಹೋದೆ.

ಒಳಗೆ ರೇಖಾ ಬೋರಲಾಗಿ ಮಲಗಿ ಮಗುವಿಗೆ ಏನೋ ಹೇಳುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಶಾಂತವ್ವನವರೆದುರು ಕೂತು, ಆ ಇನ್‌ಸ್ಪೆಕ್ಟರ್ ನಾನೇ ಎಂದೆ. ಗುರುತು ಇಲ್ಲದ್ದನ್ನು ಕಣ್ಣಾರೆ ನೋಡಿಯೂ ಸುಮ್ಮನಿದ್ದೆ, ನಿಮ್ಮ ಮಾತನ್ನೂ ಮುಚ್ಚಿದ್ದೆ ಎಂದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಇನ್‌ಸ್ಪೆಕ್ಟರ್‌ಗೆ ಸಂಜೆ ಐದಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದು ಈ ನೌಕರಿ ನನಗೆ ಕಲಿಸಿದ ಪಾಠ. ಅವನು ತನ್ನ ಮನೆಯಲ್ಲಿ ಏನನ್ನು ಇಟ್ಟುಕೊಳ್ಳುತ್ತಾನೋ ಅದನ್ನು ಹತ್ತು ಜನ ನೋಡಿ ನಂಬುತ್ತಾರೆ. ಪಾಠ ಕಲಿಯಲು ನಾನು ತೆತ್ತದ್ದು ಒಂದು ಛೀಮಾರಿಯ ಕಾಗದ, ರೇಖಾ ತೆತ್ತದ್ದು ತನ್ನ ಬೆನ್ನು.

ಶಾಂತವ್ವ ತಮ್ಮ ಅಂಗೈಯ ಕಲೆಯನ್ನೊಮ್ಮೆ ನೋಡಿಕೊಂಡರು. ಆಮೇಲೆ ತಲೆಯೆತ್ತಿ, ಮಾತಿನಲ್ಲಿ ಒಂದಿಷ್ಟೂ ವ್ಯಂಗ್ಯವಿಲ್ಲದೆ ಕೇಳಿದರು.

“ನಿಮ್ಮ ಮಗಳು ಆರಾಮ ಅದಾಳಲ್ರೀ?”